ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ



ಕ್ಯಾನ್ಸರ್ ಕುರಿತು ನಾವು ಸಾಮಾನ್ಯವಾಗಿ ಕೇಳುವ ಭಾಷಣಗಳು ಎರಡು ಬಗೆಯವು. ರೋಗ ಬಾರದಂತೆ ಏನು ಮಾಡಬೇಕು ಎಂಬುದು ಒಂದು. ಬಂದರೆ ಯಾವ ಯಾವ ಚಿಕಿತ್ಸೆಗಳಿವೆ ಎಂಬುದು ಇನ್ನೊಂದು. ಎರಡೂ ಬೇಕಾದವೇ. ಆದರೆ ಇಂದು ನಾನು ಮಾತನಾಡಬಯಸುವುದು ಮೂರನೆಯ ವಿಷಯವನ್ನು ಕುರಿತು. ಚಿಕಿತ್ಸೆಯೆಲ್ಲ ಮುಗಿದು, ವೈದ್ಯರು ‘ಇನ್ನು ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋದರೆ ಸಾಕು’ ಎಂದು ಹೇಳಿ ಕಳುಹಿಸಿದ ಮೇಲೆ, ಆ ವ್ಯಕ್ತಿ ಮನೆಗೆ, ಊರಿಗೆ, ತರಗತಿಗೆ, ಕೆಲಸಕ್ಕೆ ಹಿಂದಿರುಗುತ್ತಾರಲ್ಲ, ಆಗ ಅವರಿಗೆ ನಮ್ಮಿಂದ ಏನು ಬೇಕು?

ಇದು ಕೆಲವೇ ಜನರ ಸಮಸ್ಯೆ ಎಂದು ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ, 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 14 ಲಕ್ಷ ಜನರಲ್ಲಿ ಹೊಸದಾಗಿ ಕ್ಯಾನ್ಸರ್ ಪತ್ತೆಯಾಯಿತು. ಸುಮಾರು 9 ಲಕ್ಷ ಜನ ತೀರಿಕೊಂಡರು. ಈ ಎರಡು ಅಂಕಿಗಳನ್ನು ಪತ್ರಿಕೆಗಳಲ್ಲಿ ನೀವು ನೋಡಿರಬಹುದು. ಅದೇ ಲೆಕ್ಕದಲ್ಲಿ ಮೂರನೆಯ ಅಂಕಿಯೊಂದಿದೆ, ಅದು ಶೀರ್ಷಿಕೆಗೆ ಬರುವುದು ಕಡಿಮೆ. ಹಿಂದಿನ ಐದು ವರ್ಷಗಳೊಳಗೆ ಕ್ಯಾನ್ಸರ್ ಪತ್ತೆಯಾಗಿ, ಜೀವಂತವಾಗಿದ್ದ ಭಾರತೀಯರು ಸುಮಾರು 32 ಲಕ್ಷ. ಐದು ವರ್ಷ ದಾಟಿ ಹತ್ತು, ಇಪ್ಪತ್ತು ವರ್ಷಗಳಿಂದ ಚೆನ್ನಾಗಿರುವವರು ಈ ಲೆಕ್ಕಕ್ಕೆ ಸೇರಿಲ್ಲ. ನಿಮ್ಮ ಬೀದಿಯಲ್ಲಿ, ನಿಮ್ಮ ಕಾಲೇಜಿನಲ್ಲಿ ಅಂಥವರು ಇದ್ದೇ ಇರುತ್ತಾರೆ. ನಿಮಗೆ ಗೊತ್ತಿಲ್ಲದಿದ್ದರೆ, ಅವರು ಹೇಳಿಕೊಂಡಿಲ್ಲ ಎಂದಷ್ಟೇ ಅರ್ಥ. ಏಕೆ ಹೇಳಿಕೊಂಡಿಲ್ಲ ಎಂಬುದನ್ನು ಮುಂದೆ ನೋಡೋಣ.

ಇಷ್ಟು ಜನ ಬದುಕಿ ಉಳಿಯುವುದು ಒಂದು ಕಾಲಕ್ಕೆ ಕನಸಿನ ಮಾತಾಗಿತ್ತು. ಮಕ್ಕಳ ರಕ್ತದ ಕ್ಯಾನ್ಸರನ್ನೇ ತೆಗೆದುಕೊಳ್ಳಿ. 1940ರ ದಶಕದವರೆಗೆ ಅದು ಬಂದ ಮಗು ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಸಾಯುತ್ತಿತ್ತು. ಅಮೆರಿಕದ ಬಾಸ್ಟನ್ನಿನಲ್ಲಿ ಡಾಕ್ಟರ್ ಸಿಡ್ನಿ ಫಾರ್ಬರ್ ಮೊದಲ ಬಾರಿಗೆ ಔಷಧಿಯಿಂದ ಆ ರೋಗವನ್ನು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದಾಗ, ಆ ಔಷಧಿಯನ್ನು ತಯಾರಿಸಿಕೊಟ್ಟ ತಂಡದ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮುಂದೆ 1960ರ ದಶಕದಲ್ಲಿ ವಿನ್‌ಕ್ರಿಸ್ಟೀನ್ ಎಂಬ ಇನ್ನೊಂದು ಔಷಧಿ ಬಳಕೆಗೆ ಬಂತು. ಅದರ ಮೂಲ, ನಮ್ಮ ಮನೆಗಳ ಅಂಗಳದಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪದ ಗಿಡ. ಇಂದು ಒಳ್ಳೆಯ ಚಿಕಿತ್ಸೆಯ ಅನುಕೂಲವಿರುವ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ನಮ್ಮಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆ. ದುಡ್ಡಿಲ್ಲದೆ, ದೂರದ ಊರಿನಿಂದ ಓಡಾಡಲಾಗದೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವವರಿರುವುದು ಅದಕ್ಕೆ ಒಂದು ಮುಖ್ಯ ಕಾರಣ.

ಹೀಗೆ ಬದುಕಿ ಬಂದವರನ್ನು ಏನೆಂದು ಕರೆಯಬೇಕು? ‘ಕ್ಯಾನ್ಸರ್ ಗೆದ್ದವರು’ ಎಂದು ಪತ್ರಿಕೆಗಳು ಬರೆಯುತ್ತವೆ. ನನಗೆ ಆ ಪದ ಅಷ್ಟಾಗಿ ಒಪ್ಪಿಗೆಯಿಲ್ಲ. ಬದುಕಿದವರು ಗೆದ್ದವರಾದರೆ, ತೀರಿಹೋದವರು ಸೋತವರೇ? ಅವರ ಪ್ರಯತ್ನದಲ್ಲಿ ಏನಾದರೂ ಕಡಿಮೆಯಾಗಿತ್ತೇ? ಆದ್ದರಿಂದ ಈ ಮಾತಿನಲ್ಲಿ ನಾನು ‘ಕ್ಯಾನ್ಸರ್ ದಾಟಿದವರು’ ಎಂದೇ ಹೇಳುತ್ತೇನೆ. ಹೊಳೆ ದಾಟಿದವರು ಎಂದ ಹಾಗೆ. ದಾಟಿದ್ದೇನೋ ನಿಜ, ಬಟ್ಟೆ ಮಾತ್ರ ಇನ್ನೂ ಒದ್ದೆಯಾಗಿಯೇ ಇರುತ್ತದೆ.

ಈ ವಿಷಯವನ್ನು ವೈದ್ಯಲೋಕದ ಗಮನಕ್ಕೆ ತಂದವರಲ್ಲಿ ಮುಖ್ಯರಾದವರು ಫಿಟ್ಜ್‌ಹ್ಯೂ ಮುಲ್ಲನ್ ಎಂಬ ಅಮೆರಿಕದ ವೈದ್ಯರು. 1975ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ತಮ್ಮದೇ ಎದೆಯ ಎಕ್ಸ್-ರೇ ಚಿತ್ರದಲ್ಲಿ ಅವರು ಗೆಡ್ಡೆಯನ್ನು ಕಂಡರು. ಹತ್ತು ವರ್ಷಗಳ ನಂತರ, 1985ರಲ್ಲಿ, ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅವರು ಒಂದು ಲೇಖನ ಬರೆದರು. ರೋಗಿಗಳನ್ನು ‘ಗುಣವಾದವರು’, ‘ಗುಣವಾಗದವರು’ ಎಂದು ಎರಡೇ ಪಾಲು ಮಾಡುವುದು ಸರಿಯಲ್ಲ, ಬದುಕಿ ಉಳಿಯುವುದಕ್ಕೂ ಋತುಗಳಿವೆ ಎಂಬುದು ಅವರ ವಾದ. ರೋಗ ಪತ್ತೆಯಾಗಿ ಚಿಕಿತ್ಸೆ ನಡೆಯುತ್ತಿರುವಾಗ ಒಂದು ಋತು. ಚಿಕಿತ್ಸೆ ಮುಗಿದು, ರೋಗ ಮತ್ತೆ ಬಂದೀತೇ ಎಂದು ಕಾಯುತ್ತಿರುವಾಗ ಎರಡನೆಯದು. ರೋಗ ಇನ್ನು ಬರಲಾರದು ಎಂಬ ನಂಬಿಕೆ ಬಂದ ಮೇಲೆ ಮೂರನೆಯದು. ಇವುಗಳಲ್ಲಿ ಎರಡನೆಯದರಲ್ಲಿ ಆಸ್ಪತ್ರೆಯ ಸಹಾಯ ಥಟ್ಟನೆ ನಿಂತುಹೋಗುತ್ತದೆ, ಭಯ ಮಾತ್ರ ನಿಂತಿರುವುದಿಲ್ಲ ಎಂದು ಅವರು ತೋರಿಸಿಕೊಟ್ಟರು. ಮುಳುಗುತ್ತಿದ್ದವನನ್ನು ನೀರಿನಿಂದ ಮೇಲೆತ್ತಿ ದಡಕ್ಕೆ ಹಾಕಿ, ಅವನ ಕೆಲಸ ಮುಗಿಯಿತೆಂದು ಎಲ್ಲರೂ ಎದ್ದು ಹೋದಂತೆ. 1986ರಲ್ಲಿ ಅವರು ಇತರರೊಡನೆ ಸೇರಿ ಕ್ಯಾನ್ಸರ್ ದಾಟಿದವರ ರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿದರು. ಮುಲ್ಲನ್ ತೀರಿಕೊಂಡದ್ದು 2019ರಲ್ಲಿ. ಅಂದರೆ ಎಕ್ಸ್-ರೇ ನೋಡಿದ ದಿನದಿಂದ ನಲವತ್ತನಾಲ್ಕು ವರ್ಷಗಳ ಮೇಲೆ.

ಚಿಕಿತ್ಸೆ ಮುಗಿದ ದಿನ ಸಂತೋಷದ ದಿನವಾಗಿರಬೇಕಲ್ಲವೇ ಎಂದು ನೀವು ಕೇಳಬಹುದು. ಹೌದು, ಮನೆಯವರಿಗೆ ಸಂತೋಷ. ದೇವರಿಗೆ ಹರಕೆ ತೀರಿಸುತ್ತಾರೆ, ಸಿಹಿ ಹಂಚುತ್ತಾರೆ. ಆದರೆ ದಾಟಿಬಂದವರಲ್ಲಿ ಎಷ್ಟೋ ಮಂದಿಗೆ ಆ ದಿನವೇ ಭಯ ಶುರುವಾಗುತ್ತದೆ. ಅದುವರೆಗೆ ವಾರವಾರವೂ ರಕ್ತಪರೀಕ್ಷೆ, ಇಂಜೆಕ್ಷನ್, ನರ್ಸುಗಳ ವಿಚಾರಣೆ. ರೋಗದ ವಿರುದ್ಧ ಏನೋ ಒಂದು ನಡೆಯುತ್ತಿದೆ ಎಂಬ ಧೈರ್ಯ. ಈಗ ಏನೂ ನಡೆಯುತ್ತಿಲ್ಲ. ಸಣ್ಣ ಕೆಮ್ಮು ಬಂದರೂ, ಮೊಣಕಾಲು ನೋವಾದರೂ, ‘ಮತ್ತೆ ಬಂತೇ?’ ಎಂಬ ಪ್ರಶ್ನೆ. ತಪಾಸಣೆಗೆ ಹೋಗುವ ವಾರವಂತೂ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಸುಮ್ಮಸುಮ್ಮನೆ ಸಿಟ್ಟು.

ಡಾಮೊಕ್ಲಿಸ್‌ನ ಕತೆಯನ್ನು ನಿಮ್ಮಲ್ಲಿ ಕೆಲವರು ಪಠ್ಯಪುಸ್ತಕದಲ್ಲಿ ಓದಿರಬಹುದು. ರಾಜನ ಸಿಂಹಾಸನದ ಮೇಲೆ ಕೂತು ಭೋಜನ ಮಾಡುತ್ತಿದ್ದವನು ತಲೆಯೆತ್ತಿ ನೋಡಿದರೆ, ನೆತ್ತಿಯ ನೇರಕ್ಕೆ ಕುದುರೆಯ ಒಂದೇ ಒಂದು ಕೂದಲಿನಲ್ಲಿ ತೂಗುತ್ತಿರುವ ಕತ್ತಿ. ಕ್ಯಾನ್ಸರ್‌ನಿಂದ ಗುಣವಾಗಿ ಬೆಳೆದ ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದ ಕೂಚರ್ ಮತ್ತು ಓ’ಮ್ಯಾಲಿ ಎಂಬ ಇಬ್ಬರು ತಜ್ಞರು 1981ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥಕ್ಕೆ ಆ ಕತ್ತಿಯ ಹೆಸರನ್ನೇ ಇಟ್ಟರು. ಇಂಥ ಭಯವನ್ನು ‘ಏನೂ ಆಗೋಲ್ಲ ಸುಮ್ನಿರು’ ಎಂದು ತಳ್ಳಿಹಾಕಿದರೆ ಅದು ಹೋಗುವುದಿಲ್ಲ. ಹೇಳಿಕೊಳ್ಳುವ ಬಾಯಿ ಮಾತ್ರ ಮುಚ್ಚಿಹೋಗುತ್ತದೆ.

ಈಗ ನಿಮ್ಮ ತರಗತಿಗೇ ಬರೋಣ. ದ್ವಿತೀಯ ಪಿ.ಯು.ಸಿ.ಯ ಒಬ್ಬ ಹುಡುಗಿ ರಕ್ತದ ಕ್ಯಾನ್ಸರಿನ ಚಿಕಿತ್ಸೆಯ ಕಠಿಣ ಭಾಗವನ್ನು ಮುಗಿಸಿಕೊಂಡು, ಒಂದು ವರ್ಷದ ನಂತರ ಕಾಲೇಜಿಗೆ ಮರಳಿದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಜೊತೆಯವರೆಲ್ಲ ಮುಂದೆ ಹೋಗಿಬಿಟ್ಟಿದ್ದಾರೆ. ಈಗಿರುವ ತರಗತಿಯವರೆಲ್ಲ ಅವಳಿಗಿಂತ ಒಂದು ವರ್ಷ ಚಿಕ್ಕವರು, ಪರಿಚಯವಿಲ್ಲದವರು. ಉದ್ದ ಜಡೆಯಿದ್ದಲ್ಲಿ ಈಗ ಒಂದಂಗುಲ ಕೂದಲು. ಸ್ಟೆರಾಯ್ಡ್ ಮಾತ್ರೆಯಿಂದ ಮುಖ ದುಂಡಗಾಗಿದೆ. ಮೊದಲ ದಿನ ಅವಳು ಬಾಗಿಲಲ್ಲಿ ಬಂದು ನಿಂತಾಗ ಇಡೀ ತರಗತಿ ಮೌನವಾಗುತ್ತದೆ. ಯಾರೂ ಕೆಟ್ಟವರಲ್ಲ, ಏನು ಮಾತಾಡಬೇಕೋ ಯಾರಿಗೂ ತಿಳಿಯದು. ಆದರೆ ಅವಳಿಗೆ ಕೇಳಿಸುವುದು ಆ ಮೌನವೇ. ಅವಳು ಕೂತ ಬೆಂಚಿನಲ್ಲಿ ಇನ್ನೊಬ್ಬರು ಬಂದು ಕೂರಲು ಎಷ್ಟು ಹೊತ್ತಾಯಿತು ಎಂಬುದನ್ನು ಅವಳು ಎಣಿಸುತ್ತಿರುತ್ತಾಳೆ. ಅವಳು ನಾಳೆಯೂ ಕಾಲೇಜಿಗೆ ಬರಬೇಕೋ ಬೇಡವೋ ಎಂಬುದು ಎಷ್ಟೋ ವೇಳೆ ತೀರ್ಮಾನವಾಗುವುದು ಅಲ್ಲಿಯೇ, ಆ ಬೆಂಚಿನ ಮೇಲೆ.

ಮೊದಲಿಗೆ ಅಂಟುವ ಪ್ರಶ್ನೆಯನ್ನು ಮುಗಿಸಿಬಿಡೋಣ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಪಕ್ಕದಲ್ಲಿ ಕೂತರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬಾಟಲಿಯ ನೀರು ಕುಡಿದರೆ ಬರುವುದಿಲ್ಲ. ಗರ್ಭಕಂಠದ ಅಥವಾ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲ ಕೆಲವು ವೈರಸ್‌ಗಳು ಹರಡುತ್ತವೆ, ನಿಜ. ಅವಕ್ಕೆ ಲಸಿಕೆಗಳೂ ಇವೆ. ಆದರೆ ಕ್ಯಾನ್ಸರೇ ಹರಡುವುದಿಲ್ಲ. ಹಳ್ಳಿಯ ಕಡೆ ‘ಕರೆಂಟು ಕೊಡಿಸುವುದು’ ಎನ್ನುತ್ತಾರಲ್ಲ, ಯಂತ್ರದಿಂದ ಕೊಡುವ ಆ ವಿಕಿರಣ ಚಿಕಿತ್ಸೆ ಪಡೆದವರ ಮೈಯಿಂದ ಕಿರಣಗಳು ಹೊರಬರುವುದಿಲ್ಲ. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಸೇವಿಸಿದವರು ಕೆಲವು ದಿನ ದೂರವಿರಬೇಕಾಗುತ್ತದೆ, ಅದನ್ನು ಆಸ್ಪತ್ರೆಯವರೇ ತಿಳಿಸಿ ಕಳಿಸುತ್ತಾರೆ. ಇಷ್ಟನ್ನು ನಿಮ್ಮ ಮನೆಯ ಹಿರಿಯರಿಗೂ ಹೇಳಿ. ಗುಣವಾಗಿ ಬಂದ ಸೊಸೆಗೆ ಬೇರೆ ಲೋಟ, ಬೇರೆ ತಟ್ಟೆ ಇಡುವ ಮನೆಗಳು ಇಂದಿಗೂ ಇವೆ.

ವಾಸ್ತವದಲ್ಲಿ ಅಪಾಯವಿರುವುದು ಎದುರು ದಿಕ್ಕಿನಲ್ಲಿ. ಚಿಕಿತ್ಸೆಯ ಕಾಲದಲ್ಲಿ, ಅದು ಮುಗಿದ ಮೇಲೂ ಕೆಲವು ತಿಂಗಳು, ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ನಮಗೆ ಎರಡು ದಿನದ ನೆಗಡಿಯಾಗಿ ಹೋಗುವುದು ಅವರಿಗೆ ಆಸ್ಪತ್ರೆಯ ವಾಸವಾಗಬಹುದು. ನಮ್ಮೂರುಗಳಲ್ಲಿ ‘ಅಮ್ಮ’ ಎನ್ನುವ ಸೀತಾಳೆ ಸಿಡುಬು, ದಡಾರ ಇವು ಅಂಥ ಮಕ್ಕಳಿಗೆ ಬಹಳ ಅಪಾಯಕಾರಿ. ಆದ್ದರಿಂದ ತರಗತಿಯಲ್ಲಿ ಯಾರಿಗಾದರೂ ಇವು ಬಂದಿದ್ದರೆ ತಕ್ಷಣ ಆ ಹುಡುಗಿಯ ಮನೆಯವರಿಗೆ ತಿಳಿಸುವುದು ಒಂದು ದೊಡ್ಡ ಉಪಕಾರ.

ಇನ್ನು ಓದು. ಔಷಧಿಗಳ ಪರಿಣಾಮವಾಗಿ ಕೆಲವರಿಗೆ ನೆನಪು, ಗಮನ ಕೊಂಚ ಕಾಲ ಮಂಕಾಗುತ್ತದೆ. ಮೊದಲು ಒಮ್ಮೆ ಓದಿದರೆ ನಿಲ್ಲುತ್ತಿದ್ದದ್ದು ಈಗ ಮೂರು ಸಲ ಓದಿದರೂ ನಿಲ್ಲುವುದಿಲ್ಲ. ಆಯಾಸವಂತೂ ವಿಚಿತ್ರವಾದದ್ದು. ನಿಮಗೆ ಆಟವಾಡಿ ಬಂದ ಮೇಲೆ ಆಗುವ ಆಯಾಸ ಮಲಗಿದರೆ ಹೋಗುತ್ತದೆ, ಇದು ಮಲಗಿದರೆ ಹೋಗುವುದಿಲ್ಲ. ದಿನವೂ ಅಷ್ಟಿಷ್ಟು ನಡೆಯುವಂಥ ಹಗುರವಾದ ವ್ಯಾಯಾಮದಿಂದ ಇದು ಕಡಿಮೆಯಾಗುತ್ತದೆ ಎಂದು ಕಂಡುಬಂದಿದೆ. ಹೊರಗಿನಿಂದ ನೋಡಿದವರಿಗೆ ಇವಾವುವೂ ಕಾಣಿಸುವುದಿಲ್ಲವಾದ್ದರಿಂದ, ‘ಕಾಯಿಲೆ ವಾಸಿಯಾಯ್ತಲ್ಲ, ಇನ್ನೂ ಏಕೆ ಸೋಮಾರಿತನ?’ ಎಂಬ ಮಾತು ಬರುತ್ತದೆ. ಮೇಷ್ಟರುಗಳಿಂದಲೂ ಬರುತ್ತದೆ ಎಂಬುದನ್ನು ನಾನಿಲ್ಲಿ ಸಂಕೋಚದಿಂದಲೇ ಹೇಳಬೇಕಾಗಿದೆ. ಶೇಕಡ 75 ಹಾಜರಿಯ ನಿಯಮ ಇನ್ನೊಂದು ಗೋಡೆ. ವೈದ್ಯಕೀಯ ಪ್ರಮಾಣಪತ್ರವನ್ನು ಪ್ರಾಂಶುಪಾಲರಿಗೆ ಮೊದಲೇ ಕೊಟ್ಟು ರಿಯಾಯಿತಿಗೆ ಅರ್ಜಿ ಹಾಕಿಡುವುದು ಒಳ್ಳೆಯದು. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಅನೇಕ ವೇಳೆ ಕಾಲ ಮೀರಿರುತ್ತದೆ.

ಸಹಪಾಠಿಗಳು ಮಾಡಬಹುದಾದ ಕೆಲಸ ಬಹಳ ಸರಳ. ಅವಳು ಬಾರದ ದಿನಗಳ ನೋಟ್ಸನ್ನು ಸರದಿಯ ಮೇಲೆ ಬರೆದಿಡಿ. ತಪಾಸಣೆಗೆ ಹೋದ ದಿನ ಯಾವ ಪಾಠ ಆಯಿತೆಂದು ಸಂಜೆ ತಿಳಿಸಿ. ಮಾತು ಹೇಗೆ ಶುರು ಮಾಡುವುದು ಎಂಬ ಚಿಂತೆಯೇ? ‘ಬಾರೇ, ಇಲ್ಲಿ ಜಾಗ ಇದೆ’ ಎಂದರೆ ಸಾಕು. ಕಾಯಿಲೆಯ ವಿಷಯ ಅವಳು ತೆಗೆದರೆ ಕೇಳಿ, ತೆಗೆಯದಿದ್ದರೆ ಕ್ರಿಕೆಟ್ಟು, ಸಿನಿಮಾ, ರಸಾಯನಶಾಸ್ತ್ರದ ಪ್ರ್ಯಾಕ್ಟಿಕಲ್ಲು, ಏನು ಬೇಕಾದರೂ ಮಾತಾಡಿ. ‘ಪಾಪ’ ಎಂಬ ಪದವನ್ನು ಮಾತ್ರ ಅವಳ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಅವಳ ಒಪ್ಪಿಗೆಯಿಲ್ಲದೆ ಅವಳ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಬೇಡಿ. ವಾರ್ಷಿಕೋತ್ಸವದಲ್ಲಿ ವೇದಿಕೆ ಹತ್ತಿಸಿ ‘ಸ್ಫೂರ್ತಿ’ ಎಂದು ಶಾಲು ಹೊದಿಸುವ ಮುನ್ನ ಅವಳನ್ನೊಮ್ಮೆ ಕೇಳಿ. ಅವಳು ಕಾಲೇಜಿಗೆ ಬಂದಿರುವುದು ಪಾಸಾಗುವುದಕ್ಕೆ.

ಸ್ಫೂರ್ತಿಯ ಮಾತು ಬಂತು. ಯುವರಾಜ್ ಸಿಂಗ್ ನಿಮಗೆಲ್ಲ ಗೊತ್ತು. 2011ರ ವಿಶ್ವಕಪ್‌ನಲ್ಲಿ ಸರಣಿಯ ಶ್ರೇಷ್ಠ ಆಟಗಾರ. 2012ರಲ್ಲಿ ಎದೆಯ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಚಿಕಿತ್ಸೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ಮತ್ತೆ ಭಾರತದ ಪರ ಬ್ಯಾಟು ಹಿಡಿದರು. ಅವರ ಉದಾಹರಣೆಯಿಂದ ದೇಶದಲ್ಲಿ ಸಾವಿರಾರು ಮನೆಗಳಿಗೆ ಧೈರ್ಯ ಬಂದಿದೆ. ಆದರೆ ಆರು ತಿಂಗಳ ಮೇಲೂ ಮೆಟ್ಟಿಲು ಹತ್ತಲಾಗದೆ ಏದುಸಿರು ಬಿಡುವ ಹುಡುಗನಿಗೆ ‘ಯುವರಾಜ್‌ನ ನೋಡು!’ ಎಂದರೆ ಅದು ಧೈರ್ಯವಾಗುವುದಿಲ್ಲ, ಛಡಿಯೇಟಾಗುತ್ತದೆ.

ನ್ಯೂಯಾರ್ಕಿನ ಪ್ರಸಿದ್ಧ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1977ರಿಂದ ಮನೋವೈದ್ಯಕೀಯ ವಿಭಾಗವನ್ನು ಕಟ್ಟಿ ಬೆಳೆಸಿದ ಡಾಕ್ಟರ್ ಜಿಮಿ ಹಾಲೆಂಡ್ ಇದಕ್ಕೆ ಒಂದು ಒಳ್ಳೆಯ ಹೆಸರು ಕೊಟ್ಟರು. ಸದಾ ಆಶಾವಾದಿಯಾಗಿರಲೇಬೇಕೆಂಬ ಒತ್ತಾಯವನ್ನು ಅವರು ಒಂದು ದಬ್ಬಾಳಿಕೆ ಎಂದು ಕರೆದರು. ‘ಮನಸ್ಸು ಗಟ್ಟಿ ಮಾಡಿದರೆ ಕ್ಯಾನ್ಸರ್ ಓಡಿಹೋಗುತ್ತದೆ’ ಎಂದು ಹೇಳುತ್ತಾ ಹೋದರೆ, ರೋಗ ಮರುಕಳಿಸಿದಾಗ ರೋಗಿಗೆ ಅನ್ನಿಸುವುದೇನು? ನನ್ನ ಮನಸ್ಸೇ ಸರಿಯಿರಲಿಲ್ಲ, ನನ್ನಿಂದಲೇ ಹೀಗಾಯಿತು ಎಂದಲ್ಲವೇ? ರೋಗದ ನೋವಿನ ಮೇಲೆ ಅಪರಾಧಿ ಭಾವದ ಹೊರೆ. ನಮ್ಮಲ್ಲಿ ‘ಹಿಂದಿನ ಜನ್ಮದ ಕರ್ಮ’ ಎನ್ನುವುದು ಇದರ ಹಳೆಯ ರೂಪ. ತಂಬಾಕು ಅಗಿಯುತ್ತಿದ್ದವನಿಗೆ ‘ನೀನೇ ತಂದುಕೊಂಡದ್ದು’ ಎನ್ನುವುದು ಇನ್ನೊಂದು ರೂಪ. ತಂಬಾಕು ಬಿಡಿಸಬೇಕು, ಖಂಡಿತ. ಗುಣವಾದ ಮೇಲೂ ಅದನ್ನು ಮುಟ್ಟಬಾರದು. ಅದಕ್ಕೆ ಸಹಾಯ ಬೇಕೇ ಹೊರತು ಬೈಗುಳವಲ್ಲ.

ಹಾಗಾದರೆ ಮನಸ್ಸಿನ ಆರೈಕೆಯಿಂದ ಪ್ರಯೋಜನವಿಲ್ಲವೇ? ಇದೆ, ಆದರೆ ಎಲ್ಲಿದೆ ಎಂಬುದನ್ನು ಸರಿಯಾಗಿ ತಿಳಿಯಬೇಕು. 1989ರಲ್ಲಿ ಡೇವಿಡ್ ಸ್ಪೀಗಲ್ ಎಂಬ ಅಮೆರಿಕದ ಮನೋವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ಉಲ್ಬಣಿಸಿದ ಮಹಿಳೆಯರಲ್ಲಿ, ವಾರಕ್ಕೊಮ್ಮೆ ಒಟ್ಟಾಗಿ ಕೂತು ಕಷ್ಟಸುಖ ಹಂಚಿಕೊಂಡವರು ಹಾಗೆ ಮಾಡದವರಿಗಿಂತ ಸುಮಾರು ಎರಡರಷ್ಟು ಕಾಲ ಬದುಕಿದ್ದರು. ಜಗತ್ತೇ ಬೆರಗಾಯಿತು. ಆದರೆ ವಿಜ್ಞಾನದ ರೀತಿಯೆಂದರೆ ಮತ್ತೆ ಪರೀಕ್ಷಿಸಿ ನೋಡುವುದು. 2001ರಲ್ಲಿ ಕೆನಡಾದಲ್ಲಿ ಇನ್ನೂ ಹೆಚ್ಚು ಮಹಿಳೆಯರ ಮೇಲೆ ನಡೆಸಿದ ಅಧ್ಯಯನದಲ್ಲಿ ಆಯುಷ್ಯದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಆದರೆ ಗುಂಪಿನಲ್ಲಿದ್ದವರಿಗೆ ನೋವು ಕಡಿಮೆ ಅನ್ನಿಸಿತು, ಮನಸ್ಸು ಹಗುರವಾಗಿತ್ತು; ಮೊದಲು ಹೆಚ್ಚು ಕುಗ್ಗಿದ್ದವರಿಗೇ ಹೆಚ್ಚು ಅನುಕೂಲವಾಗಿತ್ತು. ಆಯುಷ್ಯ ಹೆಚ್ಚಲಿಲ್ಲವೆಂದು ಇದನ್ನು ಕಡೆಗಣಿಸಬೇಕಾಗಿಲ್ಲ. ಇರುವ ದಿನ ನೋವಿಲ್ಲದೆ ಕಳೆಯುವುದು ಸಣ್ಣ ಮಾತೇ?

ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಾಯಿಯ ಕ್ಯಾನ್ಸರ್. ಗುಟ್ಕಾ, ಎಲೆಯಡಿಕೆಯೊಡನೆ ಹೊಗೆಸೊಪ್ಪು, ಬೀಡಿ ಇವೇ ಮುಖ್ಯ ಕಾರಣ. ಶಸ್ತ್ರಚಿಕಿತ್ಸೆಯಲ್ಲಿ ದವಡೆಯ ಭಾಗವನ್ನೋ ನಾಲಿಗೆಯ ಭಾಗವನ್ನೋ ತೆಗೆದಿರುತ್ತಾರೆ. ಆ ಮೇಲೆ ಬಾಯಿ ಎರಡು ಬೆರಳಿನಷ್ಟೂ ತೆರೆಯದು. ಮುದ್ದೆ ನುಂಗಲಾಗದು, ರೊಟ್ಟಿ ಅಗಿಯಲಾಗದು, ಖಾರ ತಾಗದು. ಗಂಜಿ ಕುಡಿದರೆ ತುಟಿಯ ಅಂಚಿನಿಂದ ಸೋರುತ್ತದೆ. ಇಂಥವರು ಮದುವೆ ಮುಂಜಿಗಳಿಗೆ ಹೋಗುವುದನ್ನು ನಿಲ್ಲಿಸಿಬಿಡುತ್ತಾರೆ. ನಮ್ಮಲ್ಲಿ ಬಾಂಧವ್ಯವೆಂದರೆ ಪಂಕ್ತಿಯಲ್ಲಿ ಕೂತು ಉಣ್ಣುವುದು. ಪಂಕ್ತಿ ತಪ್ಪಿದವನು ನಿಧಾನವಾಗಿ ನೆಂಟಸ್ತಿಕೆಯಿಂದಲೇ ತಪ್ಪಿಹೋಗುತ್ತಾನೆ. ಮನೆಯಲ್ಲೂ ಎಲ್ಲರ ಊಟವಾದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬರೇ ಊಟ ಮಾಡುವ ತಂದೆ, ಚಿಕ್ಕಪ್ಪ, ಸೋದರಮಾವಂದಿರಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ನಿಮ್ಮ ತಟ್ಟೆಯನ್ನು ತೆಗೆದುಕೊಂಡು ಹೋಗಿ ಅವರ ಪಕ್ಕದಲ್ಲಿ ಕೂತುಕೊಳ್ಳಿ. ಮೊದಲ ದಿನ ಬೇಡವೆನ್ನಬಹುದು. ನಾಲ್ಕನೆಯ ದಿನಕ್ಕೆ ರೂಢಿಯಾಗುತ್ತದೆ. ಬಾಯಿ ತೆರೆಯುವ ವ್ಯಾಯಾಮವನ್ನು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿರುತ್ತಾರೆ. ದಿನವೂ ಮಾಡದೆ ಬಿಟ್ಟರೆ ಅದು ಇನ್ನೂ ಬಿಗಿಯುತ್ತದೆ, ನೆನಪಿಸಿ ಮಾಡಿಸಿ.

ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದವರ ಪಾಡು ಇನ್ನೂ ಕಷ್ಟ. ಕತ್ತಿನಲ್ಲಿ ಮಾಡಿದ ರಂಧ್ರದಿಂದ ಉಸಿರಾಟ, ಮಾತು ಸಂಪೂರ್ಣ ಬಂದ್. ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಸಣ್ಣದೊಂದು ಕವಾಟವನ್ನು ಕೂರಿಸಿದರೆ, ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟಾಗ ಗಾಳಿ ಅನ್ನನಾಳಕ್ಕೆ ನುಗ್ಗಿ ಅಲ್ಲಿ ಕಂಪನವಾಗಿ ಧ್ವನಿ ಹೊರಡುತ್ತದೆ. ಈ ಕವಾಟ ವಿದೇಶದಿಂದ ಬರಬೇಕಿತ್ತು, ಬೆಲೆ ಹದಿನೈದು ಇಪ್ಪತ್ತು ಸಾವಿರ ರೂಪಾಯಿಯ ಮೇಲೆ. ಅದನ್ನು ಆಗಾಗ ಬದಲಿಸಲೂ ಬೇಕು. ಕೂಲಿ ಮಾಡುವವನು ಎಲ್ಲಿಂದ ತರಬೇಕು? 2010ರ ದಶಕದಲ್ಲಿ ಬೆಂಗಳೂರಿನ ಶಸ್ತ್ರಚಿಕಿತ್ಸಕ ಡಾಕ್ಟರ್ ವಿಶಾಲ್ ರಾವ್ ಮತ್ತು ಅವರ ಸಂಗಡಿಗರು ಅಂಥದೇ ಒಂದು ಕವಾಟವನ್ನು ಸುಮಾರು 50 ರೂಪಾಯಿಗೆ ಸಿಗುವಂತೆ ರೂಪಿಸಿದರು. ಅದಕ್ಕೆ ‘ಓಂ’ ಎಂದು ಹೆಸರು. ತಾಂತ್ರಿಕ ಶಿಕ್ಷಣದಲ್ಲಿರುವ ವಿದ್ಯಾರ್ಥಿಗಳು ಈ ಉದಾಹರಣೆಯನ್ನು ಗಮನಿಸಬೇಕು. ಆದರೆ ಯಂತ್ರ ಬಂದರೂ ಆ ಧ್ವನಿ ಗೊಗ್ಗರಾಗಿಯೇ ಇರುತ್ತದೆ. ಬಸ್ಸಿನಲ್ಲಿ ಅವರು ಟಿಕೆಟ್ ಕೇಳಿದಾಗ ತಿರುಗಿ ನೋಡಿ ನಗದಿರುವುದು ನಮ್ಮ ಪಾಲಿನ ಕೆಲಸ.

ಹೆಂಗಸರಲ್ಲಿ ಮೊದಲ ಸ್ಥಾನ ಸ್ತನ ಕ್ಯಾನ್ಸರಿಗೆ. ಈ ವಿಷಯವನ್ನು ವಿದ್ಯಾರ್ಥಿಗಳೆದುರು ಏಕೆ ಎಂದು ಹಿರಿಯರು ಕೆಲವರಿಗೆ ಅನ್ನಿಸಬಹುದು. ಅವರ ತಾಯಂದಿರ ವಿಷಯವಾದ್ದರಿಂದ ಹೇಳಲೇಬೇಕಾಗಿದೆ. 1952ರಲ್ಲಿ ಟೆರೀಸ್ ಲ್ಯಾಸರ್ ಎಂಬ ಅಮೆರಿಕದ ಮಹಿಳೆ ತಾನು ಶಸ್ತ್ರಚಿಕಿತ್ಸೆಗೆ ಒಳಗಾದ ಮೇಲೆ, ಮುಂದೇನು ಎಂದು ಹೇಳುವವರು ಯಾರೂ ಇಲ್ಲದ್ದನ್ನು ಕಂಡು, ತಾನೇ ಆಸ್ಪತ್ರೆಯಲ್ಲಿ ಇತರ ರೋಗಿಗಳ ಬಳಿಗೆ ಹೋಗಿ ಮಾತಾಡತೊಡಗಿದಳು. ಕೈಗೆ ಯಾವ ವ್ಯಾಯಾಮ ಮಾಡಬೇಕು, ರವಿಕೆಯನ್ನು ಹೇಗೆ ಹೊಂದಿಸಿಕೊಳ್ಳಬೇಕು, ಗಂಡನಿಗೆ ಮಕ್ಕಳಿಗೆ ಏನು ಹೇಳಬೇಕು ಎಂಬ ಈ ಮಾತುಗಳು ವೈದ್ಯರ ಬಾಯಿಂದ ಬರುವುದಿಲ್ಲ, ಬಂದರೂ ನಾಟುವುದಿಲ್ಲ. ದಾಟಿದವರು ದಾಟುತ್ತಿರುವವರ ಕೈಹಿಡಿಯುವ ಆ ಪದ್ಧತಿ ಇಂದು ಅನೇಕ ದೇಶಗಳಲ್ಲಿದೆ. ಸ್ತನದ ಜಾಗದಲ್ಲಿ ಇಟ್ಟುಕೊಳ್ಳಲು ಹತ್ತಿಯ ನೂಲಿನಿಂದ ಕ್ರೋಷಾ ಹೆಣೆದು ಉಚಿತವಾಗಿ ಕೊಡುವ ಸ್ವಯಂಸೇವಕಿಯರು ನಮ್ಮ ದೇಶದಲ್ಲಿಯೂ ಇದ್ದಾರೆ.

ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಬದಿಯ ಕೈ ಊದಿಕೊಳ್ಳುವ ಸಂಭವವಿದೆ. ತಾಯಿ ಮನೆಗೆ ಬಂದ ಹದಿನೈದನೆಯ ದಿನಕ್ಕೇ ಬಿಂದಿಗೆ ಎತ್ತಿ, ಬಟ್ಟೆ ಒಗೆದು, ಹಿಟ್ಟು ರುಬ್ಬುವುದು ನಮ್ಮ ಮನೆಗಳಲ್ಲಿ ಸಾಮಾನ್ಯ ದೃಶ್ಯ. ಬೇಡವೆಂದರೂ ಆಕೆ ಕೇಳುವುದಿಲ್ಲ, ಏಕೆಂದರೆ ತಾನು ಭಾರವಾಗಿದ್ದೇನೆ ಎಂಬ ಅಳುಕು ಆಕೆಗೆ ಇರುತ್ತದೆ. ಭಾರದ ಕೆಲಸವನ್ನು ಆಕೆ ಹೇಳುವ ಮೊದಲೇ ಗಂಡುಮಕ್ಕಳು ಮಾಡಿ ಮುಗಿಸಿದರೆ ವಾದಕ್ಕೆ ಆಸ್ಪದವೇ ಇರುವುದಿಲ್ಲ.

ಮತ್ತೆ, ಗುಟ್ಟಿನ ವಿಷಯ. ‘ತಾಯಿಗೆ ಕ್ಯಾನ್ಸರ್ ಆಗಿತ್ತು ಅಂತ ಗೊತ್ತಾದರೆ ಮಗಳಿಗೆ ಗಂಡು ಸಿಗುವುದಿಲ್ಲ’ ಎಂಬ ಭಯದಿಂದ ಇಡೀ ಕುಟುಂಬ ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ತಪಾಸಣೆಗೆ ಹೋಗುವುದನ್ನು ‘ತವರಿಗೆ ಹೋಗಿದ್ದಾಳೆ’ ಎನ್ನುತ್ತಾರೆ. ಕೆಲವು ಸಲ ಗುಟ್ಟು ಬಯಲಾದೀತೆಂದು ತಪಾಸಣೆಯನ್ನೇ ತಪ್ಪಿಸುತ್ತಾರೆ. ಆಗ ಗುಟ್ಟಿಗೆ ಪ್ರಾಣದ ಬೆಲೆ ತೆರಬೇಕಾದೀತು. ವಾಸ್ತವದಲ್ಲಿ ತಂದೆತಾಯಿಯಿಂದ ವಂಶವಾಹಿಯ ಮೂಲಕ ನೇರವಾಗಿ ಬರುವ ಕ್ಯಾನ್ಸರುಗಳು ನೂರರಲ್ಲಿ ಐದರಿಂದ ಹತ್ತು ಮಾತ್ರ. ಚಿಕ್ಕಂದಿನಲ್ಲಿ ಕ್ಯಾನ್ಸರ್ ದಾಟಿದ ಯುವಕ ಯುವತಿಯರಿಗೆ ಮದುವೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಎಲ್ಲರಿಗೂ ಅಲ್ಲದಿದ್ದರೂ ಕೆಲವು ಚಿಕಿತ್ಸೆಗಳಿಂದ ಸಂತಾನಶಕ್ತಿಗೆ ಧಕ್ಕೆಯಾಗಬಹುದು. ಚಿಕಿತ್ಸೆ ಆರಂಭಿಸುವ ಮೊದಲೇ ವೈದ್ಯರನ್ನು ಈ ಬಗ್ಗೆ ಕೇಳಿ ತಿಳಿಯುವುದು ಅಗತ್ಯ. ನಮ್ಮ ತಂದೆತಾಯಂದಿರು ಸಂಕೋಚದಿಂದ ಕೇಳುವುದಿಲ್ಲ.

ಮನೆಯಲ್ಲಿ ಇನ್ನೊಬ್ಬರನ್ನು ಎಲ್ಲರೂ ಮರೆತಿರುತ್ತಾರೆ. ರೋಗಿಯ ತಮ್ಮ ಅಥವಾ ತಂಗಿ. ಎರಡು ವರ್ಷ ಅಜ್ಜಿಯ ಮನೆಯಲ್ಲಿ ಬಿಟ್ಟಿರುತ್ತಾರೆ, ಹುಟ್ಟುಹಬ್ಬ ಯಾರಿಗೂ ನೆನಪಿರುವುದಿಲ್ಲ, ಅಣ್ಣನ ಮೇಲೆ ಸಿಟ್ಟು ಬಂದರೆ ಆ ಸಿಟ್ಟಿಗೇ ನಾಚಿಕೆ. ಅಂಥ ಗೆಳೆಯನೊಬ್ಬ ನಿಮಗಿದ್ದರೆ ‘ನಿಮ್ಮಣ್ಣ ಹೇಗಿದ್ದಾನೆ?’ ಎಂದು ಕೇಳಿದ ಮೇಲೆ ‘ನೀನು ಹೇಗಿದ್ದೀಯೋ?’ ಎಂದೂ ಕೇಳಿ.

ಕೆಲಸ ಮತ್ತು ಹಣದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗಳಿಗೆ ಭಾರತೀಯ ರೈಲ್ವೆ ಪ್ರಯಾಣ ದರದಲ್ಲಿ ರಿಯಾಯಿತಿ ಕೊಡುತ್ತದೆ, ಜೊತೆಗೆ ಹೋಗುವವರಿಗೂ ಕೊಡುತ್ತದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಎಷ್ಟೋ ಜನಕ್ಕೆ ಇದು ತಿಳಿದೇ ಇಲ್ಲ. ಹಳ್ಳಿಯವರಿಗೆ ಅರ್ಜಿ ತುಂಬಿಕೊಡುವ ಕೆಲಸವನ್ನು ನಿಮ್ಮ ಎನ್.ಎಸ್.ಎಸ್. ಘಟಕ ಕೈಗೊಳ್ಳಬಹುದು. ಉದ್ಯೋಗದಾತರು, ವಿಮೆ ಕಂಪನಿಗಳು ಹಳೆಯ ರೋಗವನ್ನು ಕೆದಕಿ ಹಿಂದೇಟು ಹಾಕುವುದು ಎಲ್ಲ ದೇಶಗಳಲ್ಲೂ ಇದೆ. ಫ್ರಾನ್ಸ್ ದೇಶ ಇದಕ್ಕೆ ಒಂದು ಕಾನೂನು ತಂದಿದೆ. 2022ರ ತಿದ್ದುಪಡಿಯ ಪ್ರಕಾರ, ಚಿಕಿತ್ಸೆ ಮುಗಿದು ರೋಗ ಮರುಕಳಿಸದೆ ಐದು ವರ್ಷವಾದರೆ, ಸಾಲಕ್ಕೆ ಸಂಬಂಧಿಸಿದ ವಿಮೆಯನ್ನು ಪಡೆಯುವಾಗ ತನಗೆ ಕ್ಯಾನ್ಸರ್ ಬಂದಿತ್ತೆಂದು ಹೇಳಬೇಕಾಗಿಲ್ಲ. ಅದನ್ನು ಅಲ್ಲಿ ‘ಮರೆಸುವ ಹಕ್ಕು’ ಎನ್ನುತ್ತಾರೆ. ಕಾನೂನು ಓದುವ ವಿದ್ಯಾರ್ಥಿಗಳು ಯೋಚಿಸಬೇಕಾದ ವಿಷಯ.

ಮನಸ್ಸು ತೀರ ಕುಗ್ಗಿದ್ದರೆ, ನಿದ್ದೆ ಆಹಾರ ಬಿಟ್ಟಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ, ಅದು ಗೆಳೆಯರ ಮಟ್ಟದಲ್ಲಿ ಬಗೆಹರಿಯುವ ಸಂಗತಿಯಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ, 14416 ಎಂಬ ಸಂಖ್ಯೆಗೆ, ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಓದುವ ಅಭ್ಯಾಸವಿರುವವರಿಗೆ, ಭಾರತಿ ಬಿ.ವಿ. ಅವರು ತಮ್ಮ ಸ್ತನ ಕ್ಯಾನ್ಸರಿನ ಅನುಭವವನ್ನು ಬರೆದಿರುವ ‘ಸಾಸಿವೆ ತಂದವಳು’ ಕನ್ನಡದಲ್ಲಿಯೇ ಸಿಗುತ್ತದೆ.

ಕೊನೆಯದಾಗಿ ಒಂದು ಸಂಸ್ಥೆಯ ಸಂಗತಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ಬಾಲ್ಯದಲ್ಲಿ ಕ್ಯಾನ್ಸರ್ ದಾಟಿದವರಿಗೆಂದೇ 1991ರಿಂದ ಪ್ರತ್ಯೇಕ ಕ್ಲಿನಿಕ್ ನಡೆಯುತ್ತಿದೆ. ವರ್ಷಗಳ ನಂತರ ಹೃದಯದಲ್ಲಿ, ಬೆಳವಣಿಗೆಯಲ್ಲಿ ತೋರಬಹುದಾದ ತೊಂದರೆಗಳನ್ನು ಅಲ್ಲಿ ಗಮನಿಸುತ್ತಾರೆ, ಓದು ಉದ್ಯೋಗಗಳ ಬಗ್ಗೆಯೂ ವಿಚಾರಿಸುತ್ತಾರೆ. ಹೀಗೆ ಬೆಳೆದು ದೊಡ್ಡವರಾದ ಯುವಜನ 2009ರಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ ತಮ್ಮದೇ ಒಂದು ಬಳಗ ಕಟ್ಟಿಕೊಂಡರು. ಅದರ ಹೆಸರು ‘ಉಗಮ್’. ಹೊಸದಾಗಿ ರೋಗ ಪತ್ತೆಯಾದ ಮಗುವಿನ ತಾಯಿಯ ಎದುರು, ‘ನನಗೂ ಇದೇ ಕಾಯಿಲೆ ಇತ್ತು ಅಮ್ಮ, ಈಗ ಕೆಲಸದಲ್ಲಿದ್ದೀನಿ’ ಎನ್ನಬಲ್ಲ ಒಬ್ಬ ಆಳೆತ್ತರದ ಯುವಕ ಬಂದು ನಿಂತರೆ, ಆ ತಾಯಿ ಮೊದಲು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ, ಆಮೇಲೆ ತನ್ನ ಮಗುವನ್ನು ನೋಡುತ್ತಾಳೆ. ಅವಳ ಮೊದಲ ಪ್ರಶ್ನೆ ಔಷಧಿಯ ಬಗ್ಗೆಯೇ ಇರಬೇಕೆಂದಿಲ್ಲ. ‘ನೀನು ಎಷ್ಟನೇ ಕ್ಲಾಸಿನಿಂದ ಮತ್ತೆ ಶಾಲೆಗೆ ಹೋದೆಯಪ್ಪಾ?’ ಎಂದು ಅವಳು ಕೇಳಬಹುದು.